ಗೋಬಿ ಮಂಚೂರಿಯೂ ಒತ್ತು ಶ್ಯಾವಿಗೆಯೂ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಬರುವ ಪ್ರವಾಸಿಗಳು ಹೆಚ್ಚಾಗಿ ಒಂದು ಚಾವಣಿಯನ್ನು ನೋಡಲು ಬರುತ್ತಾರೆ. ಅಲ್ಲಿನ ಕಲ್ಲೇಶ್ವರ ಗುಡಿಯ ಮಾಡಿನಲ್ಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯುವ ಶಿವನಿದ್ದಾನೆ. ಒಂಬತ್ತನೆಯ ಶತಮಾನದ ಕೆಲಸ. ಅದನ್ನು ಕತ್ತೆತ್ತಿ ನೋಡಿ, ತುರುವೇಕೆರೆಯ ಹೊಯ್ಸಳ ಗುಡಿಗಳನ್ನೂ ಸುತ್ತಿ ಸಂಜೆ ಪೇಟೆಗೆ ಬರುವಾಗ ಹೊಟ್ಟೆ ಹಸಿದಿರುತ್ತದೆ. ಬೆಳಿಗ್ಗೆ ತಿಂದ ಇಡ್ಲಿ, ದೋಸೆಯನ್ನೇ ಮತ್ತೆ ತಿನ್ನಲು ಮನಸ್ಸಿಲ್ಲದವರು ಬೇರೆ ಏನಾದರೂ ಹುಡುಕುತ್ತಾರೆ. ತಿಪಟೂರಾಗಲಿ, ಚಿಕ್ಕನಾಯಕನಹಳ್ಳಿಯಾಗಲಿ, ನಮ್ಮ ಯಾವ ತಾಲ್ಲೂಕು ಪೇಟೆಯಾಗಲಿ, ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ತಳ್ಳುಗಾಡಿ, ಭರ್ರೆಂದು ಉರಿಯುವ ಒಲೆ, ದೊಡ್ಡ ಬಾಣಲೆ, ‘ಚೈನೀಸ್’ ಎಂಬ ಬೋರ್ಡು, ಕೆಂಪಗೆ ಹೊಳೆಯುವ ಗೋಬಿ ಮಂಚೂರಿ.

ಮಂಚೂರಿಯಾದಲ್ಲಿ ಇಂಥ ತಿನಿಸು ಇಲ್ಲ. ಹಾಗೆಂದು ಇದಕ್ಕೂ ಚೀನೀಯರಿಗೂ ಸಂಬಂಧವೇ ಇಲ್ಲವೆನ್ನುವುದೂ ತಪ್ಪು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಕಲ್ಕತ್ತೆಯ ಹತ್ತಿರ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಕಬ್ಬು ಬೆಳೆಸಿ ಸಕ್ಕರೆ ಮಾಡಲು ನೆಲೆನಿಂತ. ಅವನ ಹಿಂದೆ ಬಂದವರು ಬಡಗಿಗಳಾದರು, ಚರ್ಮ ಹದಮಾಡಿದರು, ಚಪ್ಪಲಿ ಹೊಲಿದರು, ಊಟದ ಮನೆಗಳನ್ನು ತೆರೆದರು. ಆ ಊಟ ಮೊದಲು ತಮ್ಮವರಿಗಾಗಿ. ಆಮೇಲೆ ಊರಿನವರ ನಾಲಿಗೆಗೆ ತಕ್ಕಂತೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಏರಿದವು. ಕಲ್ಕತ್ತೆಯ ಇಂಥದೇ ಚೀನೀ ಮನೆತನದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಮುಂಬಯಿಗೆ ಬಂದು, 1975ರಲ್ಲಿ ಅಲ್ಲಿನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಕೋಳಿಯ ತುಂಡುಗಳನ್ನು ಜೋಳದ ಪಿಷ್ಟದಲ್ಲಿ ಹೊರಳಿಸಿ ಕರಿದು, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಸೋಯಾ ಸಾಸ್ ಬೆರೆಸಿ ‘ಮಂಚೂರಿಯನ್’ ಎಂದು ಹೆಸರಿಟ್ಟರೆಂಬುದು ಹೆಚ್ಚು ಪ್ರಚಲಿತವಾಗಿರುವ ಕಥೆ. ಕೋಳಿ ತಿನ್ನದವರಿಗಾಗಿ ಅದರ ಜಾಗಕ್ಕೆ ಹೂಕೋಸು ಬಂತು. ಹೂಕೋಸೂ ನಮ್ಮದಲ್ಲ, ಇಂಗ್ಲಿಷರು ತಂದದ್ದು.

ಇಲ್ಲಿ ಒಂದು ನೋವಿನ ಸಂಗತಿಯಿದೆ. 1962ರ ಯುದ್ಧವಾದಾಗ ಚೀನೀ ಮೂಲದ ಸುಮಾರು 3,000 ಜನರನ್ನು, ಇಲ್ಲೇ ಹುಟ್ಟಿ ಬೆಳೆದವರನ್ನೂ ಸೇರಿಸಿ, ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಕೆಲವರು ವರ್ಷಗಟ್ಟಲೆ ಅಲ್ಲಿ ಕಳೆದರು. ಬಿಡುಗಡೆಯಾದವರಲ್ಲಿ ಬಹಳ ಮಂದಿ ಅಂಗಡಿ, ಮನೆ ಕಳೆದುಕೊಂಡು ಕೆನಡಾ ಮೊದಲಾದ ಕಡೆ ವಲಸೆ ಹೋದರು. ಅಡುಗೆ ಗೊತ್ತಿದ್ದವರು ದೇಶ ಬಿಡುತ್ತಿದ್ದರೆ ಅಡುಗೆಯ ಹೆಸರು ಮಾತ್ರ ದೇಶವೆಲ್ಲ ಹರಡಿತು. ತಿಪಟೂರಿನ ದಾರಿಯಲ್ಲಿ ಸಾಸಿನ ಶೀಸೆ ಬಂತು, ಬಡಿಸುವ ಚೀನೀಯ ಬರಲಿಲ್ಲ. ಇದು ಹೀಗಿರಬೇಕು, ಹೀಗಿರಬಾರದು ಎಂದು ಹೇಳುವವರು ಯಾರೂ ಇಲ್ಲದ ಕಡೆ ರುಚಿಯ ಕೆಲಸವನ್ನು ಬಣ್ಣ ಮಾಡತೊಡಗಿತು. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107ರಲ್ಲಿ ಅಪಾಯಕರ ಬಣ್ಣ ಸಿಕ್ಕಿತ್ತು. ನಿಷೇಧ ಬಣ್ಣಕ್ಕೇ ಹೊರತು ತಿನಿಸಿಗಲ್ಲ. ಗಾಡಿಯ ಮುಂದೆ ನಿಂತವರು ಇಷ್ಟು ನೋಡಿದರೆ ಸಾಕು: ಬಣ್ಣ ಹಾಕದ ಗೋಬಿ ಮಾಸಲು ಕಂದಾಗಿರುತ್ತದೆ, ಬೆರಳಿಗೆ ಕೆಂಪು ಅಂಟುವುದಿಲ್ಲ.

ಹಾಗಾದರೆ ಕರ್ನಾಟಕದ ಸಣ್ಣ ಊರಲ್ಲಿ ಹೊರನಾಡಿನ ಊಟ ಚೆನ್ನಾಗಿ ಸಿಗುವುದೇ ಇಲ್ಲವೆ? ಸಿಗುತ್ತದೆ. ತಿಪಟೂರಿನಿಂದ ಚನ್ನರಾಯಪಟ್ಟಣ, ಹೊಳೆನರಸೀಪುರದ ಮೇಲೆ ದಕ್ಷಿಣಕ್ಕೆ ಇಳಿದು ಕಾವೇರಿಯ ದಡದ ಕುಶಾಲನಗರ ಮುಟ್ಟಿದರೆ, ಹತ್ತಿರದಲ್ಲೇ ಬೈಲುಕುಪ್ಪೆ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. 1960-61ರಲ್ಲಿ ಮೊದಲ ತಂಡಗಳು ಬಂದು ಕಾಡು ಕಡಿದು ಮುಸುಕಿನ ಜೋಳ ಬಿತ್ತಿದವು. ಊರಲ್ಲಿ ಅವರ ನಿತ್ಯದ ಆಹಾರ ಬಾರ್ಲಿಯನ್ನು ಹುರಿದು ಬೀಸಿದ ತ್ಸಾಂಪಾ, ಬೆಣ್ಣೆ ಹಾಕಿದ ಉಪ್ಪಿನ ಚಹಾ. ಇಲ್ಲಿ ಬಾರ್ಲಿ ಎಲ್ಲಿಯದು? ಗೋಧಿ, ಮೈದಾ ಅದರ ಜಾಗ ಹಿಡಿದವು. ಮೊಮೊ, ಥುಕ್ಪಾ ಎಂಬ ಶ್ಯಾವಿಗೆಯ ಸಾರು, ಹಬೆಯಲ್ಲಿ ಬೆಂದ ತಿಂಗ್ಮೋ ರೊಟ್ಟಿ ಮುಂದೆ ಬಂದವು. ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ಗುಡಿ 1999ರಲ್ಲಿ ತೆರೆದ ಮೇಲೆ ಪ್ರವಾಸಿಗಳ ಬಸ್ಸುಗಳು ಸಾಲುಗಟ್ಟಿದವು, ಗುಡಿಯ ಎದುರು ಹೋಟೆಲುಗಳೂ ಹೆಚ್ಚಿದವು. ಇಲ್ಲಿಯೂ ‘ಚೈನೀಸ್’ ಬೋರ್ಡಿಗೆ ಕೊರತೆಯಿಲ್ಲ. ಆದರೆ ಬೇರೆ ಬೇರೆ ಕ್ಯಾಂಪುಗಳ ಅಜ್ಜಂದಿರು, ಕೆಂಪು ನಿಲುವಂಗಿಯ ಸನ್ಯಾಸಿಗಳು ತಾವೇ ಹೋಗಿ ಕೂರುವ ಒಳರಸ್ತೆಯ ಚಿಕ್ಕ ಹೋಟೆಲುಗಳೂ ಇವೆ. ಥುಕ್ಪಾ ನೀರಾದರೆ ಅವರು ನಾಳೆ ಬರುವುದಿಲ್ಲ. ಪ್ರವಾಸಿ ಹೇಗೂ ನಾಳೆ ಬರುವವನಲ್ಲ. ಹೋಟೆಲಿನವನಿಗೆ ಇದು ಗೊತ್ತು.

ಈ ಅಳತೆಯಿಂದ ಮತ್ತೆ ತೆಂಗಿನ ಸೀಮೆಯನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅಕ್ಕಿಹಿಟ್ಟಿನ ಉಂಡೆಯನ್ನು ಬೇಯಿಸಿ ಒರಳಿನಲ್ಲಿ ಒತ್ತಿ, ಎಳೆಗಳ ಮೇಲೆ ಬೆಲ್ಲ, ಏಲಕ್ಕಿಯ ಕಾಯಿಹಾಲು ಸುರಿದು ತಿನ್ನುವ ಒತ್ತು ಶ್ಯಾವಿಗೆ ಇಲ್ಲಿ ಮನೆಮನೆಗೆ ಗೊತ್ತು. ಇಂಡೋನೇಷ್ಯಾದಲ್ಲಿ ಇದೇ ಬಗೆಯ ಅಕ್ಕಿಯ ಎಳೆಗೆ ತೆಂಗಿನ ಹಾಲು, ತಾಳೆಬೆಲ್ಲದ ಪಾಕ ಹಾಕಿ ‘ಪುತು ಮಯಾಂಗ್’ ಎನ್ನುತ್ತಾರೆ. ಮಲೇಷ್ಯಾದ ‘ಪುತು ಮಾಯಮ್’ ತಮಿಳರ ಇಡಿಯಪ್ಪವೇ. ಥಾಯ್ಲೆಂಡಿನವರು ಒತ್ತಿದ ಅಕ್ಕಿ ಶ್ಯಾವಿಗೆಗೆ ಮೀನು, ಕಾಯಿಹಾಲಿನ ಸಾರು ಸುರಿಯುತ್ತಾರೆ. ಯಾರಿಂದ ಯಾರು ಕಲಿತರೆಂಬ ಲೆಕ್ಕ ಸುಲಭವಲ್ಲ. ಇಡ್ಲಿಯ ವಿದ್ಯೆಯೇ ಇಂಡೋನೇಷ್ಯಾದಿಂದ ಬಂದಿರಬೇಕೆಂದು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಊಹಿಸಿದ್ದರು; ಊಹೆ ಊಹೆಯಾಗಿಯೇ ಉಳಿದಿದೆ. ತೆಂಗಿನ ಮಟ್ಟಿಗೆ ವಿಜ್ಞಾನಿಗಳು 2011ರಲ್ಲಿ ವಂಶವಾಹಿಗಳನ್ನು ನೋಡಿ, ಮನುಷ್ಯ ಅದನ್ನು ಆಗ್ನೇಯ ಏಷ್ಯಾದ ದ್ವೀಪಗಳಲ್ಲಿ ಒಮ್ಮೆ, ದಕ್ಷಿಣ ಭಾರತದ ಕಡೆ ಇನ್ನೊಮ್ಮೆ, ಬೇರೆಬೇರೆಯಾಗಿ ಪಳಗಿಸಿದನೆಂದು ತೋರಿಸಿದರು.

ಇಂಥ ಊಟ ತಿಪಟೂರಿನ ಹೋಟೆಲಿನ ಹಲಗೆಯ ಮೇಲೆ ಕಾಣುವುದು ಅಪರೂಪ. ಕಾರಣ ಸರಳ. ಶ್ಯಾವಿಗೆ ಒತ್ತಲು ಇಬ್ಬರು ಬೇಕು, ಉಂಡೆ ಬಿಸಿಯಿರುವಾಗಲೇ ಒತ್ತಬೇಕು. ಕಾಯಿಹಾಲು ಮಧ್ಯಾಹ್ನದ ಹೊತ್ತಿಗೆ ಹುಳಿಯುತ್ತದೆ. ಉಡುಪಿ ಹೋಟೆಲುಗಳು ಕಲಿಸಿದ ತಿಂಡಿಯ ಪಟ್ಟಿಯಲ್ಲಿ ಅದಕ್ಕೆ ಜಾಗವೂ ಸಿಗಲಿಲ್ಲ. ಮೇಲಾಗಿ ಈ ಸೀಮೆ ಮಾರುವುದು ಹಸಿ ಕಾಯಿಯನ್ನಲ್ಲ. ಅಟ್ಟದ ಮೇಲೆ ಹತ್ತಾರು ತಿಂಗಳು ಒಣಗಿಸಿದ ಉಂಡೆ ಕೊಬ್ಬರಿಯನ್ನು, ಅದೂ ಬಹುಪಾಲು ಉತ್ತರ ಭಾರತಕ್ಕೆ. ಕಾಯಿಹಾಲು ಪೇಟೆಗೆ ಬರದೆ ಅಡುಗೆಮನೆಯಲ್ಲೇ ಉಳಿಯಿತು. ಅರಳಗುಪ್ಪೆಯ ಚಾವಣಿ ನೋಡಿ ಬಂದ ಪ್ರವಾಸಿಗೆ ಅದು ಬೇಕಾದರೆ ಈ ಸೀಮೆಯಲ್ಲಿ ಪರಿಚಯದ ಒಂದು ಮನೆ ಇರಬೇಕು, ಮತ್ತು ಹಿಂದಿನ ದಿನವೇ ಹೇಳಿಕಳಿಸಿರಬೇಕು.