ತಲೆಗೊಂದು ಟ್ರಂಕು

ಬಾಡಿಗೆ ಕೋಣೆ ಚಿಕ್ಕದೆಂದು ಗೊಣಗುವ ನಾವು ಗೋವಾದವರ ‘ಕೂಡ್’ಗಳ ಕಥೆ ತಿಳಿಯಬೇಕು, ಸ್ನೇಹಿತರೇ. ಕೊಂಕಣಿಯಲ್ಲಿ ಕೂಡ್ ಎಂದರೆ ಕೋಣೆ. ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ದುಡಿಮೆ ಅರಸಿ ಮುಂಬಯಿಗೆ ಹೋದ ಹಡಗಿನ ಕೆಲಸಗಾರರು, ಅಡುಗೆಯವರು, ವಾದ್ಯಗಾರರು ತಂತಮ್ಮ ಊರಿನ ಹೆಸರಲ್ಲಿ ಇವನ್ನು ಕಟ್ಟಿಕೊಂಡರು. ಧೋಬಿ ತಲಾವ್‌ನ ಜೆರ್ ಮಹಲ್ ಒಂದರಲ್ಲೇ ಇಂಥವು ಹಲವು.

ಬಾಡಿಗೆ ಅಲ್ಪ, ಜಾಗ ಇನ್ನೂ ಅಲ್ಪ. ಕಪಾಟಿನ ಬದಲು ತಲೆಗೊಂದು ಟ್ರಂಕು, ಗೋಡೆಗೆ ಒತ್ತಿ ಸಾಲಾಗಿ. ರಾತ್ರಿ ನೆಲಕ್ಕೆ ಚಾಪೆ. ಬೆಳಗ್ಗೆ ಸುತ್ತಿಟ್ಟರೆ ಅದೇ ಪಡಸಾಲೆ. ಹಡಗು ಹತ್ತಿ ತಿಂಗಳುಗಟ್ಟಲೆ ಹೋದವನ ಟ್ರಂಕು ಅಲ್ಲೇ ಅವನಿಗಾಗಿ ಕಾಯುತ್ತಿತ್ತು. ಅಲಂಕಾರ ಮಾತ್ರ ಒಂದು ಮೂಲೆಗೆ: ಊರಿನ ಪಾಲಕ ಸಂತರ ಪೀಠಕ್ಕೆ. ಅಷ್ಟು ಜನರನ್ನು ಒಂದೇ ಕೋಣೆಯಲ್ಲಿ ಹಿಡಿದಿಟ್ಟದ್ದು ಟ್ರಂಕಿಗಿಂತ ಆ ಪೀಠವೇ ಎಂದು ನಮಗನ್ನಿಸುತ್ತದೆ. ಸಂಜೆಯ ಜಪಸರಕ್ಕೆ ಅದರ ಮುಂದೆ ಎಲ್ಲರೂ ಸೇರಲೇಬೇಕಿತ್ತು, ಜಾಗಕ್ಕಾಗಿ ಜಗಳವಾಡಿದವರೂ.