ಬಿರುಕು ಕಂಡವರು ಕೂಗಬೇಕು: ಮಂಗಳೂರಿನ ಕಟ್ಟಡ ಕಾಮಗಾರಿ ಮತ್ತು ಡಿಜಿಟಲ್ ಸುರಕ್ಷತೆ

ಕಾಮಗಾರಿ ನಡೆಯುವ ಜಾಗದ ಮಣ್ಣು, ನೀರು, ಯಂತ್ರ ಹಾಗೂ ಕಾರ್ಮಿಕರ ಮಾಹಿತಿಯನ್ನು ಸೆನ್ಸರ್, ಡ್ರೋನ್, ಮೊಬೈಲ್‌ಗಳಲ್ಲಿ ದಾಖಲಿಸಿ ಅಪಾಯವನ್ನು ಮೊದಲೇ ಗುರುತಿಸುವುದು ಡಿಜಿಟಲ್ ಸೈಟ್ ನಿರ್ವಹಣೆ. ಗುಡ್ಡ-ಇಳಿಜಾರುಗಳ ಮಂಗಳೂರಿನಲ್ಲಿ ಇದರ ಅಗತ್ಯ ಎಲ್ಲಕ್ಕಿಂತ ಮೊದಲು ಕಾಣುವುದು ಬೇಸ್‌ಮೆಂಟಿಗೆಂದು ತೋಡಿದ ಗುಂಡಿಯಲ್ಲಿ.

ಎರಡು ದುರಂತಗಳು

2020ರ ಫೆಬ್ರವರಿ 28ರಂದು ಕರಂಗಲ್ಪಾಡಿಯ ಬಂಟ್ಸ್ ಹಾಸ್ಟೆಲ್ ಬಳಿಯ ಕಾಮಗಾರಿಯೊಂದರಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ತೀರಿಕೊಂಡರು. 2024ರ ಜುಲೈ 3ರಂದು ಬಲ್ಮಠದಲ್ಲಿ ಮತ್ತೆ ಇಬ್ಬರು ಮಣ್ಣಿನಡಿ ಸಿಲುಕಿದರು. ಒಬ್ಬರನ್ನು ಜೀವಂತ ಹೊರತೆಗೆಯಲಾಯಿತು, ಇನ್ನೊಬ್ಬರು ಉಳಿಯಲಿಲ್ಲ. ಒಂದು ಬೇಸಿಗೆಯ ಹೊಸ್ತಿಲಲ್ಲಿ ನಡೆದದ್ದು, ಇನ್ನೊಂದು ಮಳೆಗಾಲದಲ್ಲಿ. ಮಳೆ ಬಿಟ್ಟರೆ ಭಯವಿಲ್ಲ ಎಂದು ನೆಮ್ಮದಿಯಾಗಿರಲು ಈ ಎರಡು ದಿನಾಂಕಗಳು ಬಿಡುವುದಿಲ್ಲ.

ನೆಲದ ಗುಣ

ಕರಾವಳಿಯಲ್ಲಿ ಮೇಲ್ಪದರ ಗಟ್ಟಿ ಮುರಕಲ್ಲು. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಕಡಿದಿಟ್ಟ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ಹೊಕ್ಕರೆ ಕಸುವು ಕಳೆದುಕೊಂಡು ಜಾರುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ಸಂಶೋಧನೆಗಳು ನಡೆದಿವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ನೀರು ಮೇಲಿನಿಂದಷ್ಟೇ ಬರುವುದಿಲ್ಲ. ಪಕ್ಕದ ಚರಂಡಿ, ಒಡೆದ ಪೈಪು, ಒಸರುವ ಅಂತರ್ಜಲ, ಯಾವುದಾದರೂ ಶೇಡಿಯನ್ನು ನೆನೆಸಬಲ್ಲದು.

ಮಣ್ಣಿನ ಚಲನೆ ಅಳೆಯುವ ಸಾಧನಗಳು

ಕುಸಿತಕ್ಕೆ ಮುಂಚೆ ಮಣ್ಣು ಹಲವು ಸಲ ಸ್ವಲ್ಪ ಸ್ವಲ್ಪವೇ ಸರಿದಿರುತ್ತದೆ. ಇದನ್ನು ಹಿಡಿಯುವ ಸಾಧನ ಇನ್‌ಕ್ಲಿನೋಮೀಟರ್. ಗುಂಡಿಯ ಅಂಚಿನ ಹಿಂದೆ ಬೋರ್ ಕೊರೆದು, ಒಳಗೋಡೆಯಲ್ಲಿ ಗೀರುಗಳಿರುವ ಪೈಪನ್ನು ಇಳಿಸಿ, ಅದರೊಳಗೆ ಬಾಗುವಿಕೆಯನ್ನು ಅಳೆಯುವ ಉಪಕರಣವನ್ನು ಬಿಡುತ್ತಾರೆ. ನಿನ್ನೆಯ ಅಳತೆಯ ಪಕ್ಕ ಇಂದಿನದನ್ನು ಇಟ್ಟರೆ ಯಾವ ಆಳದಲ್ಲಿ ಮಣ್ಣು ಎಷ್ಟು ಮಿಲಿಮೀಟರ್ ಸರಿದಿದೆ ಎಂದು ಕಾಣುತ್ತದೆ. ಮಣ್ಣಿನೊಳಗಿನ ನೀರಿನ ಒತ್ತಡವನ್ನು ಪೀಜೋಮೀಟರ್ ಹೇಳುತ್ತದೆ.

ಚಿಕ್ಕ ಸೈಟುಗಳಿಗೆ ಇದಕ್ಕಿಂತ ಸರಳ ದಾರಿಯೂ ಇದೆ. ಅಂಚಿನ ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವೆ ಟೇಪು ಹಿಡಿದು, ಬೆಳಿಗ್ಗೆ ಮತ್ತು ಸಂಜೆ ಫೋಟೋ ತೆಗೆದು ಸೈಟಿನ ಗ್ರೂಪಿಗೆ ಹಾಕುವುದು. ದಿನಾಂಕ, ಸಮಯ ತಾನಾಗಿಯೇ ದಾಖಲಾಗುತ್ತದೆ. ಅಂತರ ಹಿಗ್ಗಿದರೆ ಇಂಜಿನಿಯರ್ ನೋಡಿ ಒಪ್ಪುವ ತನಕ ಯಾರೂ ಕೆಳಗಿಳಿಯಬಾರದು.

ಮಳೆ, ಸಿಡಿಲಿನ ಮುನ್ಸೂಚನೆ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿಗೆಂದು ಆರಂಭವಾಯಿತು. ಇಂದು ಅದರ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ಅದರ ‘ಸಿಡಿಲು’ ಆ್ಯಪ್, ತೆರೆದ ಸ್ಲ್ಯಾಬಿನ ಮೇಲೆ ಕಂಬಿ ಕಟ್ಟುವವರಿಗೆ ನೇರ ಉಪಯೋಗದ್ದು. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ಗುಂಡಿಯ ಕೆಲಸ ನಿಲ್ಲಿಸುವುದು ಸೈಟಿನ ಲಿಖಿತ ನಿಯಮವಾಗಬೇಕು.

ಡ್ರೋನ್ ಮತ್ತು ಕಾಂಕ್ರೀಟ್ ಸೆನ್ಸರ್

ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಅಂಚಿಗೆ ಒತ್ತಿ ರಾಶಿ ಹಾಕಿದ ಮಣ್ಣು, ನಿಂತ ಟಿಪ್ಪರ್, ತುಂಬಿದ ನೀರು ಸ್ಪಷ್ಟವಾಗಿ ಕಾಣುತ್ತವೆ. ಆದರೆ 2021ರ ಡ್ರೋನ್ ನಿಯಮದಂತೆ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ 200 ಅಡಿಗಿಂತ ಮೇಲೆ ಹಾರಿಸಲು ಅನುಮತಿ ಬೇಕು. ಅದಕ್ಕಿಂತ ಹತ್ತಿರದಲ್ಲಿ ನಿರ್ಬಂಧ ಇನ್ನೂ ಬಿಗಿ. ಬಜ್ಪೆ ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ಇಲ್ಲಿನ ಬಿಲ್ಡರ್‌ಗಳು ಸರ್ಕಾರದ ‘ಡಿಜಿಟಲ್ ಸ್ಕೈ’ ಡ್ರೋನ್ ನಕ್ಷೆ ನೋಡಿಯೇ ಮುಂದುವರಿಯಬೇಕು.

ಸೆಂಟ್ರಿಂಗ್ ಬೇಗ ಬಿಚ್ಚುವುದು ಇನ್ನೊಂದು ಅಪಾಯ. ಐಎಸ್ 456 ಸಂಹಿತೆಯಂತೆ, ತೊಲೆಗಳ ನಡುವಿನ ಅಂತರ (ಸ್ಪ್ಯಾನ್) 4.5 ಮೀಟರ್‌ವರೆಗಿರುವ ಸ್ಲ್ಯಾಬಿನ ಆಧಾರಗಳನ್ನು ಸಾಮಾನ್ಯ ಸಿಮೆಂಟಿನಲ್ಲಿ 7 ದಿನ, ಅಂತರ ಅದಕ್ಕಿಂತ ಹೆಚ್ಚಾದರೆ 14 ದಿನ ಇಡಬೇಕು. ಕಾಂಕ್ರೀಟಿನೊಳಗೆ ಹುದುಗಿಸಿದ ತಾಪಮಾನ ಸೆನ್ಸರ್, ಅದು ಎಷ್ಟು ಗಟ್ಟಿಯಾಗಿದೆ ಎಂಬ ಅಂದಾಜನ್ನು ಮೊಬೈಲಿಗೆ ಕಳಿಸುತ್ತದೆ.

ಒಳಗೆ ಎಷ್ಟು ಜನ?

ಮಣ್ಣು ಕುಸಿದಾಗ ಅಗ್ನಿಶಾಮಕ ದಳ ಕೇಳುವ ಮೊದಲ ಪ್ರಶ್ನೆ: ಕೆಳಗೆ ಎಷ್ಟು ಜನ ಇದ್ದರು? ಗುಂಡಿಗೆ ಇಳಿಯುವಾಗ, ಹತ್ತುವಾಗ ಕ್ಯೂಆರ್ ಕಾರ್ಡ್ ತೋರಿಸುವ ಹಾಜರಾತಿ ಇದ್ದರೆ ಉತ್ತರ ಆ ಕ್ಷಣವೇ ಸಿಗುತ್ತದೆ. ಅದೇ ಪಟ್ಟಿಯಿಂದ, ಉತ್ತರ ಕರ್ನಾಟಕ, ಉತ್ತರ ಪ್ರದೇಶ, ಬಂಗಾಳಗಳಿಂದ ದುಡಿಯಲು ಬಂದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ, 2021ರಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿದ್ದಾರೆಯೇ ಎಂದೂ ನೋಡಬಹುದು.

ನಿಲ್ಲಿಸುವ ಅಧಿಕಾರ

1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸುರಕ್ಷತಾ ಅಧಿಕಾರಿಯನ್ನು ಕಡ್ಡಾಯ ಮಾಡಿದ್ದು 500 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಮಾತ್ರ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಮಿತಿಯನ್ನು 250ಕ್ಕೆ ಇಳಿಸಿತು. 30 ಜನ ದುಡಿಯುವ ಸೈಟು ಈ ಎರಡೂ ಮಿತಿಗಳನ್ನು ಮುಟ್ಟುವುದಿಲ್ಲ. ಅಲ್ಲಿ ಮೇಸ್ತ್ರಿಯೇ ಸುರಕ್ಷತಾ ಅಧಿಕಾರಿ. ಆದ್ದರಿಂದ ಎಚ್ಚರಿಕೆ ಬಂದಾಗ ಮಾಲೀಕರ ಫೋನಿಗೆ ಕಾಯದೆ ಕೆಲಸ ನಿಲ್ಲಿಸುವ ಅಧಿಕಾರ ಅವರಿಗೆ ಇರಬೇಕು. ಎಚ್ಚರಿಕೆ ಕನ್ನಡ, ತುಳು, ಹಿಂದಿ, ಬಂಗಾಳಿಯಲ್ಲಿ ಕೇಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ನಿಂತ ದಿನದ ಕೂಲಿ ಕೈಗೆ ಬರಬೇಕು. ಕೂಲಿ ಹೋಗುತ್ತದೆ ಎಂಬ ಭಯವಿರುವಲ್ಲಿ ಬಿರುಕಿನ ಫೋಟೋ ಯಾರೂ ಕಳಿಸುವುದಿಲ್ಲ.

ಗುಂಡಿಯ ತಳದಲ್ಲಿ ಕಂಬಿ ಕಟ್ಟುತ್ತಿರುವವನಿಗೆ ಮೇಲಿನ ಅಂಚಿನ ಬಿರುಕು ಕಾಣಿಸದು. ಅದನ್ನು ಕಂಡವರು, ಸೆನ್ಸರೇ ಇರಲಿ ಮನುಷ್ಯರೇ ಇರಲಿ, ಅವನನ್ನು ಮೇಲಕ್ಕೆ ಕರೆಯಲೇಬೇಕು.