ಬಣ್ಣದ ಎಲೆಗಳು ಬಂದ ದಾರಿ

ಊರಿನ ಮನೆಯಂಗಳದ ಕ್ರೋಟನ್ ಗಿಡವನ್ನು ನಾವು ನಮ್ಮ ನೆಲದ್ದೆಂದೇ ಬಗೆದು ಬೆಳೆದವರು. ಅದರ ಮೂಲವಾದರೋ ಇಂಡೋನೇಷ್ಯಾ, ಮಲೇಷ್ಯಾ ಹಾಗೂ ಪೆಸಿಫಿಕ್ ದ್ವೀಪಗಳು. ಠಾಕುರ್ಲಿಯ ಕಿಟಕಿಗಳಲ್ಲಿ ಇಳಿಬಿದ್ದಿರುವ ಮನಿ ಪ್ಲಾಂಟ್ ತಾಹಿತಿಯ ನೆರೆಯ ದ್ವೀಪದ್ದು; ಚಿತ್ತಾರದೆಲೆಯ ಕೆಲಾಡಿಯಂ ದಕ್ಷಿಣ ಅಮೆರಿಕದ್ದು. ವಲಸೆ ಬಂದ ನಮ್ಮ ಮನೆಗಳಲ್ಲಿ ಅವೂ ವಲಸಿಗರೇ.

ಹಡಗಿನ ಉಪ್ಪುಗಾಳಿಗೂ ಸಿಹಿನೀರಿನ ಅಭಾವಕ್ಕೂ ಸಿಕ್ಕಿ ಇಂಥ ಗಿಡಗಳು ಬಹುಪಾಲು ದಾರಿಯಲ್ಲೇ ಸಾಯುತ್ತಿದ್ದ ಕಾಲವಿತ್ತು. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಸೀಸೆಯಲ್ಲಿ ಮುಚ್ಚಿಟ್ಟಿದ್ದರು. ಆ ಮಣ್ಣಿನಲ್ಲಿ ಜರೀಗಿಡ ಮೊಳೆಯಿತು. ನಗರದ ಕಲ್ಲಿದ್ದಲ ಹೊಗೆಯಲ್ಲಿ ಬಾಳದಿದ್ದ ಗಿಡ ಗಾಜಿನೊಳಗೆ ಬಾಳಿತು. 1833ರಲ್ಲಿ ಅವರ ಗಾಜಿನ ಪೆಟ್ಟಿಗೆಗಳು ಸಿಡ್ನಿಗೆ ಹೊರಟವು. ತಿಂಗಳುಗಟ್ಟಲೆ ಪಯಣದ ನಂತರವೂ ಗಿಡಗಳು ಹಸಿರಾಗಿದ್ದವು. ಮುಂದೆ ಖಂಡದಿಂದ ಖಂಡಕ್ಕೆ ಸಸ್ಯಗಳ ಸಾಗಣೆ ಸುಲಭವಾಯಿತು.

ಅವು ಇಳಿದದ್ದು ಸಸ್ಯೋದ್ಯಾನಗಳಲ್ಲಿ. ಹೈದರಾಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನ್ ಅದರ ಮುಖ್ಯಸ್ಥರಾಗಿದ್ದಾಗ, 1889ರಲ್ಲಿ, ಅಲ್ಲಿನ ಗಾಜಿನ ಮನೆಗೆ ಅಸ್ತಿವಾರ ಬಿತ್ತು. ಮುಂಬಯಿಯ ಬೈಕಲಾದ ರಾಣಿಬಾಗ್ ತೆರೆದದ್ದು 1862ರಲ್ಲಿ. ಉದ್ಯಾನಗಳಿಂದ ಬಂಗಲೆಗಳಿಗೆ, ಬಂಗಲೆಗಳಿಂದ ಸಾಮಾನ್ಯರ ಅಂಗಳಕ್ಕೆ ಬಣ್ಣದ ಎಲೆಗಳು ಹರಡಿದವು.

ಲಂಡನ್ನಿನಲ್ಲಿ ಗಾಜು ಚಳಿಯನ್ನೂ ಹೊಗೆಯನ್ನೂ ತಡೆಯಬೇಕಿತ್ತು. ಠಾಕುರ್ಲಿಯಲ್ಲಿ ಸೆಕೆಗೂ ತೇವಕ್ಕೂ ಕೊರತೆಯಿಲ್ಲ. ಒತ್ತೊತ್ತಾಗಿ ಎದ್ದ ಕಟ್ಟಡಗಳ ನಡುವೆ ನಮಗೆ ಕೊರತೆಯಾಗಿರುವುದು ಬೆಳಕು. ಎಲೆಯ ಬಿಳಿ, ಹಳದಿ ಭಾಗಗಳಲ್ಲಿ ಪತ್ರಹರಿತ್ತು ಕಡಿಮೆ. ಆದ್ದರಿಂದ ಬಣ್ಣ ಹೆಚ್ಚಿದಷ್ಟೂ ಗಿಡಕ್ಕೆ ಬೆಳಕು ಹೆಚ್ಚು ಬೇಕು. ಊರಿನ ಕ್ರೋಟನ್ನನ್ನು ಇಲ್ಲಿನ ನಡುಕೋಣೆಯಲ್ಲಿಟ್ಟರೆ ಬಣ್ಣ ಕಳೆದು ಎಲೆಯುದುರಿಸುವುದು ಈ ಕಾರಣದಿಂದಲೇ. ಕೆಲವು ತಾಸು ಬಿಸಿಲು ಬೀಳುವ ಗ್ರಿಲ್ಲಿಗೆ ಕ್ರೋಟನ್, ಬೆಳಗಿನ ಎಳೆಬಿಸಿಲಿಗೆ ಕೋಲಿಯಸ್, ಬಿಸಿಲಿಲ್ಲದೆ ಬೆಳಕಷ್ಟೇ ಇರುವೆಡೆ ಕೆಂಪಂಚಿನ ಅಗ್ಲೋನಿಮಾ, ಇನ್ನೂ ಮಬ್ಬಾದ ಕಡೆ ಮನಿ ಪ್ಲಾಂಟ್ ಸೂಕ್ತ. ಮಳೆಗಾಲದಲ್ಲಿ ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರುಣಿಸಬೇಕು. ಕೆಲಾಡಿಯಂ, ಅಗ್ಲೋನಿಮಾ, ಮನಿ ಪ್ಲಾಂಟ್ ಮೂರೂ ಕೆಸುವಿನ ಬಳಗದವು. ಕಚ್ಚಿದರೆ ಬಾಯಿ ತುರಿಸುತ್ತದೆ, ಮಕ್ಕಳ ಕೈಗೆ ಎಟುಕದಂತಿಡುವುದು ಲೇಸು.

ನರ್ಸರಿಗೆ ಹೋಗುವ ಮೊದಲು ಮಧ್ಯಾಹ್ನ ದೀಪ ಹಚ್ಚದೆ ಮನೆಯ ಮೂಲೆಮೂಲೆಯಲ್ಲೂ ಪುಸ್ತಕ ತೆರೆದು ನೋಡೋಣ. ಅಕ್ಷರ ಕಾಣದ ಮೂಲೆಗೆ ಗಿಡ ಬೇಡ. ಸಾಗರ ದಾಟಿ ಬಂದ ಜೀವಕ್ಕೆ ನಾವು ಕೊಡಬೇಕಾದದ್ದು ಒಂದು ಕಿಟಕಿಯನ್ನು.